ಸುಮಿತ್ರಾ ಮೌಶಿಯ ಆರೂವರೆ ಮಿಲಿಮೀಟರ್

ಸುಮಿತ್ರಾ ಮೌಶಿ ಕುಕ್ಕರ್ ಕೂಗಿದರೆ ಬೆಚ್ಚಿಬೀಳುತ್ತಿದ್ದರು. ರೈಫಲ್ಲಿನ ಸದ್ದಿಗೆ ಕಣ್ಣು ಕೂಡ ಮಿಟುಕಿಸುತ್ತಿರಲಿಲ್ಲ. ಬೆಳಗಾವಿಯ ಕಡೆ ಚಿಕ್ಕಮ್ಮನನ್ನು ಮೌಶಿ ಅನ್ನುತ್ತಾರೆ; ಇವರು ಅಲ್ಲಿಂದ ಇಂಗ್ಲಿಷರ ನಾಡಿಗೆ ಬಂದವರು. ಐದಡಿಗೆ ಒಂದಿಂಚು ಕಡಿಮೆ. ಆಪರೇಷನ್ ಥಿಯೇಟರಿನ ನರ್ಸ್ ಆಗಿ ನಿವೃತ್ತರಾದವರು. ಎನ್‌ಫೀಲ್ಡಿನ ಅಂಚಿನ ಒಂದು ಹೊಲದಲ್ಲಿ, ಎಳೆಗಿಡ ಮೇಯುವ ಜಿಂಕೆಗಳನ್ನು ಬೇಟೆಯಾಡಲು ಅಲ್ಲಿನ ಯಜಮಾನ ಅವರಿಗೆ ಹನ್ನೆರಡು ವರ್ಷಗಳಿಂದ ಅನುಮತಿ ಕೊಟ್ಟಿದ್ದ. ಅವರು ಮಾತ್ರ ಮಾಂಸ ಮುಟ್ಟುತ್ತಿರಲಿಲ್ಲ. ಕೆಂಟನ್ನಿನ ನಮ್ಮ ಬೀದಿಯಲ್ಲಿ ಅವರ ಬೇಟೆಯ ಸಂಗತಿ ಯಾರಿಗೂ ತಿಳಿದಿರಲಿಲ್ಲ. ಪಕ್ಕದ ಮನೆಯ ನನಗೆ ತಿಳಿದದ್ದು, ಕಾಡು ನೋಡಿಕೊಳ್ಳುವ ಕೆಲಸಕ್ಕೆ ಸೇರಿ ನಾನೂ ರೈಫಲ್ ಕಲಿಯಬೇಕಾದಾಗ.

ಯಾವ ಕ್ಯಾಲಿಬರಿನ, ಅಂದರೆ ಎಷ್ಟು ದಪ್ಪ ಗುಂಡಿನ ರೈಫಲ್ ಕೊಳ್ಳಬೇಕೆಂದು ನಾನು ಗುಂಡಿನ ತೂಕ, ವೇಗ, ಶಕ್ತಿಗಳ ದೊಡ್ಡ ಪಟ್ಟಿ ಮಾಡಿಕೊಂಡು ಹೋಗಿದ್ದೆ. ಮೌಶಿ ಕನ್ನಡಕ ಏರಿಸಿ ನೋಡಿದರು.

“ಇದನ್ನ ಜಿಂಕಿಗೆ ಓದಿ ಹೇಳಾಕಿ ಏನವಾ?”

ಅವರದು ಆರೂವರೆ ಮಿಲಿಮೀಟರಿನದು, ಹಾರಿಸಿದಾಗ ಹೆಗಲಿಗೆ ಒದೆತ ಕಡಿಮೆ. ಗುರಿ ಅಭ್ಯಾಸದ ಕ್ಲಬ್ಬಿನ ಗಂಡಸರು ಅದನ್ನು ಆಟಿಕೆ ಎನ್ನುತ್ತಿದ್ದರು, ಇನ್ನೂ ದಪ್ಪ ಗುಂಡಿನ ತ್ರೀ-ಓ-ಎಯ್ಟ್ ತಗೋ ಎಂದು ನನಗೆ ಹೇಳುತ್ತಿದ್ದರು. ಮೌಶಿ ಒಂದು ದಿನ ಕ್ಲಬ್ಬಿನ ತ್ರೀ-ಓ-ಎಯ್ಟ್ ನನ್ನ ಕೈಗೆ ಕೊಟ್ಟು, ನನಗೆ ಗೊತ್ತಾಗದಂತೆ ತುಂಬಿದ ತೋಟಾಗಳ ನಡುವೆ ಮದ್ದಿಲ್ಲದ ಒಂದನ್ನು ಸೇರಿಸಿದರು. ಟ್ರಿಗರ್ ಒತ್ತಿದೆ. ಸದ್ದಿಲ್ಲ, ಆದರೂ ನಳಿಗೆ ತಗ್ಗಿತು, ಕಣ್ಣು ಮುಚ್ಚಿತು.

“ನೋಡಿದಿ? ಗುಂಡ ಇಲ್ಲ, ಆದ್ರೂ ಅಂಜೀದಿ. ಎಷ್ಟ ದಪ್ಪ ಅನ್ನೂದಲ್ಲ, ಎಲ್ಲಿ ಹತ್ತತೈತಿ ಅನ್ನೂದು ನೋಡು. ಹೆಗಲು ನಿಂದು, ಅವರದಲ್ಲ.”

ಗಂಡಸರು ನೋಡುತ್ತಿದ್ದರು. ಮರುವಾರ ನಾನು ತ್ರೀ-ಓ-ಎಯ್ಟನ್ನೇ ಕೊಂಡೆ. ಮೌಶಿ ಜಗಳವಾಡಲಿಲ್ಲ. “ಹಂಗಾರ ದಿನಾ ಅಭ್ಯಾಸ ಮಾಡು,” ಎಂದರು. ನಾನು ಹೆಗಲು ನೋಯುತ್ತದೆಂದು ಮಾಡಲಿಲ್ಲ, ಕೇಳಿದಾಗ ಮಾಡಿದೆ ಎಂದೆ.

ನವೆಂಬರಿನ ಒಂದು ಬೆಳಿಗ್ಗೆ ಆ ಹೊಲದಲ್ಲಿ ದೊಡ್ಡದೊಂದು ಗಂಡು ಜಿಂಕೆ ಪೂರ್ತಿ ಅಡ್ಡಲಾಗಿ ನಿಂತಿತ್ತು. ಮೌಶಿ ನನ್ನ ಪಕ್ಕದಲ್ಲೇ ಇದ್ದರು. ಒದೆತ ಬರುವ ಮೊದಲೇ ನಾನು ಕಣ್ಣು ಮುಚ್ಚಿದೆ. ಗುಂಡು ಹಿಂಗಾಲಿಗೆ ತಗುಲಿ, ಜಿಂಕೆ ಕುಂಟುತ್ತ ಬೇಲಿ ದಾಟಿ ಜನ ನಾಯಿ ಅಡ್ಡಾಡಿಸುವ ದಾರಿಯತ್ತ ಓಡಿತು. ಮೌಶಿ ಒಂದು ಗಂಟೆ ರಕ್ತದ ಜಾಡು ಹಿಡಿದು ನಡೆದರು, ಹಳ್ಳದಲ್ಲಿ ಅದನ್ನು ಕಂಡು ಒಂದೇ ಗುಂಡಿಗೆ ಮುಗಿಸಿದರು. ಆಮೇಲೆ ಸ್ವಲ್ಪ ಹೊತ್ತು ಅದರ ಕುತ್ತಿಗೆಯ ಮೇಲೆ ಕೈಯಿಟ್ಟು ಕೂತಿದ್ದರು.

ಹೊಲದ ಯಜಮಾನ ಕೆಂಪು ಮುಖ ಮಾಡಿಕೊಂಡು ಬಂದ. ದಾರಿಯಲ್ಲಿದ್ದವರು ಜಿಂಕೆಯನ್ನು ನೋಡಿದ್ದರು. “ಮೊದಲ ಗುಂಡು ಯಾರದು?”

ಮೌಶಿ ನನ್ನ ಮುಖ ನೋಡಿದರು. ಕಾದರು. ನನ್ನ ಪರವಾನಗಿ ಹೊಸದು, ಕೆಲಸ ಹೊಸದು. ನಾನು ಬೂಟಿನ ಕೆಸರು ನೋಡುತ್ತ ನಿಂತೆ.

“ನಂದೇ,” ಎಂದರು, ಇಂಗ್ಲಿಷಿನಲ್ಲಿ.

ಆತ ಅಂದೇ ಅನುಮತಿ ಹಿಂತೆಗೆದುಕೊಂಡ. ಎಪ್ಪತ್ತೆರಡರ ವಯಸ್ಸಿಗೆ ಬೇರೆ ಹೊಲ ಸಿಗಲಿಲ್ಲ. ಬೇಟೆಗೆ ನೆಲವಿಲ್ಲದವರಿಗೆ ಇಲ್ಲಿ ಬೇಟೆಯ ರೈಫಲ್ಲಿನ ಪರವಾನಗಿ ನವೀಕರಿಸುವುದಿಲ್ಲ. ಮೌಶಿ ರೈಫಲ್ಲನ್ನು ಪೊಲೀಸರಿಗೆ ಒಪ್ಪಿಸಿದರು. ಕಾರಿನಲ್ಲಿ ಆಗಲಿ, ಆಮೇಲಾಗಲಿ ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಎಷ್ಟೋ ಚೆನ್ನಾಗಿತ್ತು. ನಾನು ತ್ರೀ-ಓ-ಎಯ್ಟ್ ಮಾರಿ ಆರೂವರೆಯದನ್ನು ಕೊಂಡಾಗ ಮಾತ್ರ, ಚಹಾ ಸೋಸುತ್ತ, “ಈಗ ನಿದ್ದಿ ಬರತೈತೇನವಾ?” ಎಂದು ಕೇಳಿದರು. ಅವರು ಹೆಗಲಿನ ಬಗ್ಗೆ ಕೇಳಿದರೆಂಬಂತೆ ನಟಿಸಿ, ನೋವಿಲ್ಲ ಎಂದೆ.

ಈ ವಸಂತದಲ್ಲಿ ಅವರು ತೀರಿಕೊಂಡರು. ಅಂತ್ಯಕ್ರಿಯೆಗೆ ಆ ಯಜಮಾನನೂ ಬಂದಿದ್ದ. ನನ್ನ ಕೈ ಕುಲುಕಿ, “ಒಳ್ಳೆಯ ಹೆಂಗಸು. ಕೊನೆಗೆ ಕೈ ನಡುಗುತ್ತಿತ್ತು, ಪಾಪ. ನೀವು ಯಾವಾಗ ಬೇಕಾದರೂ ಹೊಲಕ್ಕೆ ಬನ್ನಿ,” ಎಂದ.

ನಾನು ಥ್ಯಾಂಕ್ಸ್ ಹೇಳಿದೆ.