ಟೀಚರ್ ಮಾರಿದ ರವೆ

ನಾನು ನಿಂತದ್ದು ರಿಚರ್ಡ್ಸ್ ಟೌನಿನ ಆ ಹಳೆಯ ಮನೆಯ ನಡುವಿನ ವರಾಂಡದಲ್ಲಿ, ಗೋಡೆ ಬೀರುವಿನಿಂದ ಎರಡು ಹೆಜ್ಜೆ ದೂರ. ಹೋದ ತಿಂಗಳ ಎರಡನೇ ಭಾನುವಾರ, ಬೆಳಿಗ್ಗೆ ಹತ್ತೂವರೆ. ಬೀರು ಒಡೆಯಬೇಡಿ ಎಂದು ನಾನು ಹಿಂದೆಂದೋ ಹೇಳಿದ್ದನ್ನು ಟೀಚರ ತಮ್ಮನ ಮಗ ನೆನಪಿಟ್ಟುಕೊಂಡು, ಮನೆ ಕೆಡವುವ ಮೊದಲು ಫೋನ್ ಮಾಡಿದ್ದ. ಬೀಗದ ಕೈ ನನ್ನ ಹತ್ತಿರವಿತ್ತು. ಎರಡು ಸಲ ತಿರುಗಿಸಿದ ಮೇಲೆ ಬಾಗಿಲು ಬಿಟ್ಟುಕೊಂಡಿತು. ಮೊದಲು ಬಂದದ್ದು ಲವಂಗದ ವಾಸನೆ. ಇಷ್ಟು ವರ್ಷದ ಮೇಲೆ ಅದು ಉಳಿದಿರಲಾರದು ಎಂದು ಯಾರಾದರೂ ಹೇಳಿದರೆ ಒಪ್ಪುತ್ತೇನೆ. ಆದರೂ ಬಂತು... ಬೀರುವಿನ ಬಾಗಿಲನ್ನೇ ಹಿಡಿದುಕೊಂಡೆ.

ಆ ಮನೆಯ ಹಿಂಭಾಗದಲ್ಲಿ ನಾವು ಹನ್ನೊಂದು ವರ್ಷ ಬಾಡಿಗೆಗೆ ಇದ್ದೆವು. ನಾನು ಆಗ ವಿಮಾ ಕಚೇರಿಯಲ್ಲಿ ಗುಮಾಸ್ತ. ಮುಂಭಾಗದಲ್ಲಿ ಟೀಚರ್ ಒಬ್ಬರೇ. ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಬೀದಿಗೆಲ್ಲ ಅವರು ಟೀಚರೇ. ಯೆಹೂದಿಗಳು. ತಾತನ ಕಾಲದಲ್ಲಿ ಮುಂಬಯಿಯಿಂದ ಬಂದ ಮನೆತನ. ಊರಿನಲ್ಲಿ ಅವರ ಜನ ಬೆರಳೆಣಿಕೆಯಷ್ಟು.

ಪಸ್ಕ ಹಬ್ಬದ ಎಂಟು ದಿನ ಅವರು ಗೋಧಿ ಹಿಟ್ಟು, ರವೆ, ಶಾವಿಗೆ ಯಾವುದನ್ನೂ ತಿನ್ನುತ್ತಿರಲಿಲ್ಲ. ತಿನ್ನದಿದ್ದರಷ್ಟೇ ಸಾಲದು, ಅವು ಅವರದಾಗಿಯೇ ಇರಬಾರದು. ಅದಕ್ಕೊಂದು ಕ್ರಮವಿತ್ತು. ಹಬ್ಬದ ಮುನ್ನಾದಿನ ಬೆಳಿಗ್ಗೆ ಎಲ್ಲವನ್ನೂ ಆ ಬೀರುವಿನಲ್ಲಿಟ್ಟು ಬೀಗ ಹಾಕಿ, ತಮ್ಮ ಧರ್ಮದವರಲ್ಲದ ಒಬ್ಬರಿಗೆ ಮಾರುವುದು. ಎಂಟು ದಿನ ಮುಗಿದು ಕತ್ತಲಾದ ಮೇಲೆ ಮತ್ತೆ ಕೊಂಡುಕೊಳ್ಳುವುದು. ಕೊಳ್ಳುವವನು ನಾನು. ಅವರು ನೋಟ್‌ಪುಸ್ತಕದ ಹಾಳೆಯಲ್ಲಿ ಪಟ್ಟಿ ಬರೆದು ಸಹಿ ಮಾಡುತ್ತಿದ್ದರು. ನನ್ನಿಂದ ಒಂದು ರೂಪಾಯಿ ತೆಗೆದುಕೊಂಡು ಬೀಗದ ಕೈ ಕೊಡುತ್ತಿದ್ದರು. ನನ್ನ ಸಹಿಯ ಕೆಳಗೆ ಸಾಕ್ಷಿಯಾಗಿ ನನ್ನ ಹೆಂಡತಿಯ ಸಹಿ.

"ನಾವು ವಾಪಸ್ ಕೊಡಲ್ಲ ಅಂದ್ರೆ ಏನ್ಮಾಡ್ತೀರಿ ಟೀಚರ್?" ಎಂದು ಮೊದಲ ವರ್ಷವೇ ಅವಳು ಕೇಳಿದ್ದಳು.

"ಏನ್ಮಾಡೋದಮ್ಮ, ಅಂಗಡೀಲಿ ಬೇರೆ ರವೆ ತಗೋತೀನಿ."

ನಾವಿಬ್ಬರೂ ನಕ್ಕೆವು. ಅವರು ನಗಲಿಲ್ಲ. ಅದನ್ನು ನಾನು ಆಗಲೇ ಗಮನಿಸಬೇಕಿತ್ತು.

ನಾಲ್ಕನೆಯ ವರ್ಷ, ಹಬ್ಬದ ಮೂರನೆಯ ದಿನ, ಊರೆಲ್ಲ ಬಂದ್. ಹಿಂದಿನ ದಿನ ಕೋಲಾರದಿಂದ ಬಂದಿದ್ದ ಹೆಂಡತಿಯ ಸೋದರಮಾವನ ಮನೆಯವರು ಐದು ಮಂದಿ ಬಸ್ಸಿಲ್ಲದೆ ನಮ್ಮಲ್ಲೇ ಉಳಿದರು. ಅಂಗಡಿಗಳು ತೆಗೆದಿರಲಿಲ್ಲ, ನಮ್ಮ ಡಬ್ಬಿಗಳು ಖಾಲಿ. ಟೀಚರ್ ಒಳಗೆ ಪ್ರಾರ್ಥನೆಯಲ್ಲಿದ್ದರು. ನಾನು ಸದ್ದಾಗದಂತೆ ಬೀರು ತೆಗೆದು ಎರಡು ಪಾವು ರವೆ ಅಳೆದುಕೊಂಡೆ. ಉಪ್ಪಿಟ್ಟು ಕೆದಕುತ್ತಲೇ ಹೆಂಡತಿ, ಅವರಿಗೆ ಹೇಳಿಬಿಡಿ ಎಂದಳು. ನನಗೆ ಧೈರ್ಯ ಬರಲಿಲ್ಲ. ಮರುದಿನ ಹಲಸೂರಿನಿಂದ ರವೆ ತಂದು, ಡಬ್ಬಿಯಲ್ಲಿ ಮೊದಲು ಎಷ್ಟು ಎತ್ತರಕ್ಕಿತ್ತೋ ಅಷ್ಟಕ್ಕೇ ತುಂಬಿ ಬೀಗ ಹಾಕಿದೆ.

ಒಂದನ್ನು ಮರೆತಿದ್ದೆ. ಹುಳು ಬೀಳದಿರಲೆಂದು ಟೀಚರ್ ರವೆಯನ್ನು ಹುರಿದು, ಲವಂಗ ಹಾಕಿ ಇಡುತ್ತಿದ್ದರು. ಎಂಟನೆಯ ದಿನ ಕತ್ತಲಾದ ಮೇಲೆ ಬಂದು, ರೂಪಾಯಿ ಕೊಟ್ಟು, ಡಬ್ಬಿ ತೆರೆದು, ಮೇಲಿನ ಚಿಟಿಕೆ ರವೆಯನ್ನು ಬೆರಳಲ್ಲಿ ಉಜ್ಜಿ ನೋಡಿದರು.

"ಇದು ಹುರಿದಿಲ್ಲ."

ನಾನು ನಡೆದದ್ದೆಲ್ಲ ಹೇಳಿ ಕ್ಷಮೆ ಕೇಳಿದೆ.

"ತಗೊಂಡಿದ್ದಕ್ಕೆ ಯಾಕ್ರೀ ಕ್ಷಮೆ? ನಿಮ್ಮ ರವೆ, ನೀವು ತಿಂದ್ರಿ. ಕದ್ದವರ ಥರ ವಾಪಸ್ ತುಂಬಿಟ್ರಲ್ಲ, ಅದು ತಪ್ಪು. ನಾನು ಮಾರಿದೀನಿ ಅಂತ ನೀವು ನಂಬ್ಲೇ ಇಲ್ಲ, ಆಟ ಅನ್ಕೊಂಡ್ರಿ. ಕೊಂಡವರೇ ನಂಬ್ದಿದ್ರೆ, ಈ ಎಂಟು ದಿನ ನಾನು ಮಾಡಿದ ಹಬ್ಬಾನೂ ಆಟಾನೇ ಆಯ್ತಲ್ಲ?"

ದನಿ ಏರಿರಲಿಲ್ಲ. ಡಬ್ಬಿ ಎತ್ತಿಕೊಂಡು ಒಳಗೆ ಹೋದರು.

ಆ ವರ್ಷವೆಲ್ಲ ನೀರು, ಕರೆಂಟು, ಬಿಸಿಲು ಎಲ್ಲದರ ಮಾತೂ ಆಯಿತು, ಇದೊಂದು ಬಿಟ್ಟು. ಮುಂದಿನ ಹಬ್ಬದ ಮುನ್ನಾದಿನ ನಾನು ಕಚೇರಿಗೆ ರಜೆ ಹಾಕಿ ಕೂತೆ. ಒಂಬತ್ತಾಯಿತು. ಈ ಸಲ ಮಾರಲು ಟೀಚರ್ ಎದುರು ಮನೆಯ ಬಾಗಿಲು ತಟ್ಟಿರಬಹುದು ಎಂದು ಕಿಟಕಿಯಿಂದ ಮೂರು ಸಲ ನೋಡಿದೆ. ಹತ್ತಕ್ಕೆ ಅವರು ಹಾಳೆ ಹಿಡಿದು ಬಂದರು.

"ಈ ಸಲ ಉಪ್ಪಿಟ್ಟು ಮಾಡಿದ್ರೆ ಕಿಟಕಿ ಮುಚ್ಕೊಳ್ರೀ. ಎಂಟು ದಿನ ಬಾಯಿ ಕಟ್ಟಿರೋಳು ನಾನು."

ಹೆಂಡತಿ ನಕ್ಕಳು. ನನಗೆ ಆಗಲಿಲ್ಲ. ಬೀಗದ ಕೈಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡೆ.

ಹೀಗೆ ಇನ್ನೂ ಕೆಲವು ವರ್ಷ... ಕೊನೆಯ ವರ್ಷ, ಹಬ್ಬದ ಆರನೆಯ ದಿನ ಮಧ್ಯಾಹ್ನ, ಮಲಗಿದ್ದ ಟೀಚರ್ ಏಳಲಿಲ್ಲ. ಎಂಟನೆಯ ದಿನ ಕತ್ತಲಾದಾಗ ನಾನು ಬೀಗದ ಕೈ ಹಿಡಿದು ವರಾಂಡದಲ್ಲಿ ನಿಂತಿದ್ದೆ. ಕೊಳ್ಳಲು ಬರುವವರಿರಲಿಲ್ಲ. ತಮ್ಮನ ಮಗ ಮನೆಗೆ ಬೀಗ ಹಾಕಿಕೊಂಡು ಮುಂಬಯಿಗೆ ಹೋದ. ನಾವು ಸಿ.ವಿ. ರಾಮನ್ ನಗರಕ್ಕೆ ಬಂದೆವು. ಇಲ್ಲಿ ಫೋನಿಗೆ ಬಂದ ನಾಲ್ಕು ಅಂಕಿ ಹೇಳದಿದ್ದರೆ ನನ್ನ ತಂಗಿಯನ್ನೂ ಗೇಟಿನ ಒಳಗೆ ಬಿಡುವುದಿಲ್ಲ. ಎದುರು ಫ್ಲಾಟಿನವರ ಮುಖ ಗೊತ್ತು, ಹೆಸರು ಗೊತ್ತಿಲ್ಲ. ದೇವರ ಗೂಡಿನ ಪಕ್ಕದ ಮೊಳೆಯಲ್ಲಿ ಆ ಬೀಗದ ಕೈ ತೂಗುತ್ತಲೇ ಇತ್ತು.

ಭಾನುವಾರ ತಮ್ಮನ ಮಗ ನನ್ನ ಹಿಂದೆ ನಿಂತು, ಇದೆಲ್ಲ ಅತ್ತೆಯ ಸಾಮಾನೇ, ಕಸಕ್ಕೆ ಹಾಕಲೇ ಎಂದು ಹಿಂದಿಯಲ್ಲಿ ಕೇಳಿದ. ಡಬ್ಬಿಯ ತಳದಲ್ಲಿ ಬೂದಿಯಂಥ ಪುಡಿ, ಎರಡು ಲವಂಗ.

ಇಲ್ಲ, ಇದು ನನ್ನದು ಎಂದೆ. ಬಾಯಿಬಿಟ್ಟು ಹಾಗೆ ಹೇಳಿದ್ದು ಅದೇ ಮೊದಲು.

ಕೊನೆಯ ವರ್ಷದ ಹಾಳೆ ನನ್ನ ಅಂಗಿಯ ಜೇಬಿನಲ್ಲಿತ್ತು. ಅವನು ಕೇಳಲಿಲ್ಲ. ತಲೆಯಾಡಿಸಿ ದಾರಿ ಬಿಟ್ಟ.

ಆ ಹಾಳೆಯಲ್ಲಿ ಮೂರು ಸಹಿಗಳಿವೆ. ಮಾರಿದವರು ಇಲ್ಲ. ಕೊಂಡವನು ತನ್ನ ಪರವಾಗಿ ತಾನೇ ಹೇಳಿದರೆ ಅದು ಸಾಕ್ಷಿಯಲ್ಲ. ಟೀಚರ್ ಮಾರಿದ್ದನ್ನು ಕಣ್ಣಾರೆ ಕಂಡು ಇನ್ನೂ ಬದುಕಿರುವವಳು ನನ್ನ ಹೆಂಡತಿ ಒಬ್ಬಳೇ. ಅವಳು ಗೇಟಿನ ಹೊರಗೆ ಆಟೋದಲ್ಲಿ ಕೂತಿದ್ದಳು. ಡಬ್ಬಿಯನ್ನು ತೆಗೆದುಕೊಂಡು ತೊಡೆಯ ಮೇಲೆ ಇಟ್ಟುಕೊಂಡಳು.