ಡಾಕ್ಟರು ಅತ್ತೆಯನ್ನು ಬೈದ ದಿನ

ಮಗಳಿಗೆ ಮೂರೂವರೆ ವರ್ಷವಿದ್ದಾಗ ಅವಳ ಮುಂದಿನ ಹಲ್ಲುಗಳ ಬುಡದಲ್ಲಿ ಕಂದು ಗೆರೆ ಕಾಣಿಸಿತು. ಬಿಸ್ಕತ್ತಿನ ಕರೆ ಇರಬೇಕೆಂದು ಒದ್ದೆ ಬಟ್ಟೆಯಲ್ಲಿ ಉಜ್ಜಿದೆ, ಹೋಗಲಿಲ್ಲ. ಎರಡು ತಿಂಗಳಲ್ಲಿ ಒಂದು ಹಲ್ಲಿನ ಅಂಚು ಮುರಿಯಿತು. ಚಪಾತಿ ಕಚ್ಚಿದರೆ ಅಳತೊಡಗಿದಳು. ಒಂದು ಶನಿವಾರ ಬೆಳಿಗ್ಗೆ ಜಯನಗರದ ಮಕ್ಕಳ ಹಲ್ಲಿನ ಡಾಕ್ಟರ ಬಳಿಗೆ ಆಟೋದಲ್ಲಿ ಹೊರಟೆವು. ನಾನು, ಮಗಳು, ಜೊತೆಗೆ ಅತ್ತೆ.

ಅತ್ತೆ ಇಲ್ಲದೆ ಅವಳು ಎಲ್ಲಿಗೂ ಬರುತ್ತಿರಲಿಲ್ಲ. ವಸಂತಪುರದ ಮನೆಯ ಕೆಳಗಡೆ ಅತ್ತೆ ಒಬ್ಬರೇ, ಮೇಲಿನ ಮಹಡಿಯಲ್ಲಿ ನಾವು. ಬೆಳಿಗ್ಗೆ ಎಂಟಕ್ಕೆ ಮಗಳನ್ನು ಕೆಳಗೆ ಬಿಟ್ಟು ಆಫೀಸಿಗೆ ಹೋದರೆ ಸಂಜೆ ಏಳಕ್ಕೆ ಮೇಲೆ ಕರೆದೊಯ್ಯುತ್ತಿದ್ದೆ. ಅಷ್ಟು ಹೊತ್ತಿನ ಸ್ನಾನ, ಊಟ, ನಿದ್ದೆಯೆಲ್ಲ ಅತ್ತೆಯದು. ನಮ್ಮ ಮನೆ ಇರುವ ಜಾಗದಲ್ಲಿ ಹಿಂದೆ ರಾಗಿ ಬೆಳೆದವರು ಅವರು. ಅರವತ್ತೈದು ದಾಟಿದ್ದರೂ ಒಮ್ಮೆಯೂ ಹಲ್ಲಿನ ಡಾಕ್ಟರ ಮುಂದೆ ಕೂತವರಲ್ಲ.

ದೊಡ್ಡ ಕುರ್ಚಿ ಕಂಡದ್ದೇ ಮಗಳು ಅತ್ತೆಯ ಸೆರಗಿನಲ್ಲಿ ಮುಖ ಹುದುಗಿಸಿದಳು. "ಅಜ್ಜಿ, ನೀವೇ ಮಲ್ಕೊಳ್ಳಿ, ಮಗೂನ ಮೇಲೆ ಮಲಗಿಸ್ಕೊಳ್ಳಿ" ಎಂದರು ಡಾಕ್ಟರು. ಅವರು ಚಿಕ್ಕ ವಯಸ್ಸಿನ ಹೆಂಗಸು. ಅತ್ತೆ ಅಳುಕುತ್ತಲೇ ಹತ್ತಿದರು. ಕುರ್ಚಿ ಹಿಂದಕ್ಕೆ ವಾಲಿದಾಗ ಅವರ ಒಂದು ಕೈ ನನ್ನನ್ನು ಹುಡುಕಿ, ನನ್ನ ದುಪಟ್ಟಾ ಹಿಡಿಯಿತು.

"ನೋಡು ಕಂದ, ಮೊದ್ಲು ಅಜ್ಜಿ ಬಾಯ್ ಬಿಡ್ತಾಳೆ" ಎಂದು ಅತ್ತೆ ಎಲೆಅಡಿಕೆಯಿಂದ ಕೆಂಪಾದ ಹಲ್ಲುಗಳನ್ನು ತೋರಿಸಿದರು. ಡಾಕ್ಟರು ಪುಟ್ಟ ಕನ್ನಡಿ ಹಿಡಿದು ಒಂದು, ಎರಡು ಎಂದು ಎಣಿಸಿದರು. ಮಗಳು ಇಣುಕಿ ನೋಡಿ, ತಾನೂ ಬಾಯಿ ತೆರೆದಳು.

"ನಾಲ್ಕು ಹಲ್ಲು ಹುಳುಕಾಗಿದೆ. ಎರಡು ತೆಗೀಲೇಬೇಕು" ಎಂದರು ಡಾಕ್ಟರು. "ಮಲಗೋವಾಗ ಹಾಲು ಕೊಡ್ತೀರಾ? ಬಾಟಲಲ್ಲಿ?"

ಅತ್ತೆ ಮಲಗಿದಲ್ಲಿಂದಲೇ ಹೇಳಿದರು: "ಬಾಟ್ಲಿ ಬಿಡ್ಸಿ ವರ್ಷ ಆಯ್ತವ್ವ. ಮಧ್ಯಾಹ್ನ ಲೋಟದಲ್ಲಿ ನಾನೇ ಕುಡುಸ್ತೀನಿ. ಚೂರು ಸಕ್ರೆ ಹಾಕ್ತೀನಿ, ಇಲ್ದಿದ್ರೆ ಮುಟ್ಟಲ್ಲ."

"ಅದೇ ನೋಡಿ ಅಜ್ಜಿ. ಮುದ್ದು ಮಾಡಿ ನೀವು ಸಿಹಿ ಕೊಡ್ತೀರಾ, ನೋವು ತಿನ್ನೋದು ಮಗು."

ಮಗಳ ಬೆನ್ನು ಸವರುತ್ತಿದ್ದ ಅತ್ತೆಯ ಕೈ ನಿಂತುಹೋಯಿತು.

ಬಾಟಲಿ ಬಿಡಿಸಿರಲಿಲ್ಲ. ಬಿಡಿಸಿದ್ದೇನೆಂದು ಅತ್ತೆಗೆ ನಾನೇ ಸುಳ್ಳು ಹೇಳಿದ್ದೆ. ಆಫೀಸಿನ ಕೆಲಸ ಮನೆಗೂ ಬರುತ್ತಿತ್ತು. ಎರಡು ಚಮಚ ಸಕ್ಕರೆ ಹಾಕಿದ ಹಾಲಿನ ಬಾಟಲಿ ಬಾಯಿಗಿಟ್ಟರೆ ಮಗಳು ಹತ್ತು ನಿಮಿಷದಲ್ಲಿ ಮಲಗುತ್ತಿದ್ದಳು, ಬಾಟಲಿ ಬಾಯಲ್ಲೇ ಇರುತ್ತಿತ್ತು. ಗಂಡನದು ಎರಡನೇ ಶಿಫ್ಟು. ಅವರು ಬರುವಷ್ಟರಲ್ಲಿ ಅದನ್ನು ತೊಳೆದು ಬಚ್ಚಿಟ್ಟಿರುತ್ತಿದ್ದೆ. ಇಷ್ಟನ್ನು ಅಲ್ಲಿಯೇ, ಆಗಲೇ ಹೇಳಬಹುದಿತ್ತು. ನಾನು ತಲೆಯಾಡಿಸಿದೆ, ಡಾಕ್ಟರ ಮಾತಿಗೆ ಒಪ್ಪಿದವಳಂತೆ.

ಮನೆಯಲ್ಲಿ ಗಂಡ ಅತ್ತೆಯನ್ನು ಬೈದರು. "ಸಕ್ರೆ ಕೊಡ್ಬೇಡ ಅಂತ ನಿಂಗೆ ಎಷ್ಟ್ ಸಲ ಹೇಳೋದಮ್ಮ?" ನಾನು ಪಕ್ಕದಲ್ಲೇ ಬಟ್ಟೆ ಮಡಚುತ್ತಿದ್ದೆ. ಮರುವಾರ ಹಲ್ಲು ತೆಗೆಸುವಾಗ ಅತ್ತೆ ಒಳಗೆ ಬರಲಿಲ್ಲ. ಮಗಳ ಅಳು ಕೇಳುತ್ತಾ ಹೊರಗಿನ ಬೆಂಚಿನಲ್ಲಿ ಕೂತಿದ್ದರು. ಬಾಟಲಿಯನ್ನು ನಾನು ಆ ವಾರವೇ ಕಸಕ್ಕೆ ಹಾಕಿದ್ದೆ.

ಆಮೇಲೆ ಅತ್ತೆ ದಿನವೂ ಆಫೀಸಿಗೆ ಫೋನು ಮಾಡತೊಡಗಿದರು. "ಬಾಳೆಹಣ್ಣು ಕೊಡ್ಲಾ? ಅದ್ರಲ್ಲೂ ಸಿಹಿ ಇರತ್ತಲ್ಲ." "ಉಪ್ಪಿಟ್ಟಿಗೆ ಕ್ಯಾರೆಟ್ ಹಾಕ್ಬಹುದಾ?" ಎರಡು ಗಂಡು, ಒಂದು ಹೆಣ್ಣು ಹೆತ್ತು ಸಾಕಿದವರು ಒಂದು ಮಗುವಿಗೆ ಉಣಿಸಲು ನನ್ನ ಅಪ್ಪಣೆ ಕೇಳುತ್ತಿದ್ದರು. ಕೊನೆಗೊಂದು ದಿನ, "ಎಲ್ಲಾದ್ರೂ ಡೇಕೇರ್‌ಗೆ ಹಾಕ್ಬಿಡವ್ವ, ಅಲ್ಲಿ ಓದಿರೋರು ನೋಡ್ಕೋತಾರೆ" ಎಂದರು. ಹಾಕಿದೆವು. ಅತ್ತೆ ಸುಬ್ರಹ್ಮಣ್ಯಪುರದಲ್ಲಿದ್ದ ನನ್ನ ನಾದಿನಿಯ ಮನೆಯಲ್ಲೇ ಹೆಚ್ಚು ಇರತೊಡಗಿದರು.

ಹೇಳಿಬಿಡೋಣವೆಂದು ಒಮ್ಮೆ ಕಾಫಿ ಹಿಡಿದು ಕೆಳಗಿಳಿದಿದ್ದೆ. "ಏನವ್ವ?" ಎಂದರು. ಹಿತ್ತಲಿನ ಬಾಡಿಗೆ ಮನೆಯ ನಲ್ಲಿ ಸೋರುತ್ತಿದೆ ಎಂದೆ. ಪ್ಲಂಬರಿಗೆ ಹೇಳ್ತೀನಿ ಬಿಡು ಎಂದರು.

ಮರುವರ್ಷ ನಾದಿನಿಯ ಮನೆಯಲ್ಲೇ ಅವರಿಗೆ ಹೃದಯಾಘಾತವಾಯಿತು. ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟರು.

ತಿಥಿ ಮುಗಿದ ದಿನ ನಾದಿನಿ ನನ್ನ ಜೊತೆ ಪಾತ್ರೆ ಒರೆಸುತ್ತಾ ಹೇಳಿದಳು: "ನನ್ನ ಮಗೂನ ಅಮ್ಮ ದಿನಾ ಎತ್ಕೋತಿದ್ರು ಅತ್ಗೆ, ಬಾಯಿಗೆ ಮಾತ್ರ ಏನೂ ಇಡ್ತಿರ್ಲಿಲ್ಲ. ಒಂದ್ ಕೂಸಿನ ಬಾಯಿ ಹಾಳ್ ಮಾಡಿದೀನಿ, ಸಾಕು ಅಂತಿದ್ರು."

ಅಲ್ಲಿಯೇ ಎಲ್ಲ ಹೇಳಿದೆ. ಅವಳು ಬಹಳ ಹೊತ್ತು ಒಂದೇ ತಟ್ಟೆ ಒರೆಸಿದಳು. "ಅಣ್ಣಂಗೆ ಗೊತ್ತಾ?" ಎಂದಳು. ಇಲ್ಲ ಎಂದೆ. "ಹೇಳಿ" ಎಂದಳು. ಅಷ್ಟೇ.

ಸಂಜೆ ಗಂಡನಿಗೆ ಹೇಳಿದೆ. ಅವರು ನನ್ನನ್ನು ಬೈಯಲಿಲ್ಲ. "ನಾನು ಅಮ್ಮಂಗೆ ಎಷ್ಟ್ ಬೈದೆ" ಎಂದರು, ಎರಡು ಸಲ. ಆಮೇಲೆ ಕೀಲಿ ತೆಗೆದುಕೊಂಡು ಕೆಳಗಿನ ಮನೆಗೆ ಹೋಗಿ ಕೂತರು. ಈಗಲೂ ನಾವು ಆ ವಿಷಯ ಮಾತಾಡುವುದಿಲ್ಲ.

ಮಗಳಿಗೀಗ ಆರು ವರ್ಷ. ಮೊನ್ನೆ ಪಕ್ಕದ ಮನೆಯ ಆಂಟಿ ಹಳೆಯ ಫೋಟೋ ನೋಡಿ, ಹಲ್ಲೆಲ್ಲಿ ಹೋಗಿತ್ತು ಪುಟ್ಟಿ ಎಂದು ಕೇಳಿದರು. "ಅಜ್ಜಿ ಸಕ್ರೆ ಹಾಲು ಕೊಟ್ಟು ಹಾಳಾಯ್ತು" ಎಂದಳು.

"ಅಜ್ಜಿ ಅಲ್ಲ ಮಗಳೇ, ಅಮ್ಮ ಕೊಟ್ಟಿದ್ದು" ಎಂದೆ.

"ಇಲ್ಲಮ್ಮ, ಅಜ್ಜಿನೇ" ಎಂದಳು, ನನ್ನ ತಪ್ಪನ್ನು ತಿದ್ದುವವಳ ಹಾಗೆ. "ಅಜ್ಜಿ ನಂಗೆ ಸಾರಿ ಕೇಳಿದ್ರು."