ಗಡಿಯಾರ ರಿಪೇರಿಯವನ ಪಾತ್ರ

ನಮ್ಮ ದೊಡ್ಡಪ್ಪ ಇನ್ನೂರಕ್ಕೂ ಹೆಚ್ಚು ಸಿನಿಮಾಗಳಲ್ಲಿ ನಟಿಸಿದ್ದರು. ಒಂದರಲ್ಲೂ ಅವರ ಪಾತ್ರಕ್ಕೆ ಹೆಸರಿರಲಿಲ್ಲ. ಒಂಬತ್ತು ಸಲ ನ್ಯಾಯಾಧೀಶ, ಹದಿನಾಲ್ಕು ಸಲ ಡಾಕ್ಟರು, ಪೋಸ್ಟ್‌ಮ್ಯಾನ್, ಟಿಕೆಟ್ ಕಲೆಕ್ಟರ್, ಮೂರು ಸಲ ಹೆಣ. ದೊಡ್ಡಮ್ಮ ಅವರನ್ನು 'ಅರ್ಧ ನಿಮಿಷದ ಹೀರೋ' ಎಂದು ಕರೆಯುತ್ತಿದ್ದರು. ಬೀದಿಯಲ್ಲಿ ಯಾರಾದರೂ ತಡೆದು, ನೀವು ನಮ್ಮ ಬ್ಯಾಂಕಿನಲ್ಲಿದ್ದಿರಲ್ಲವೇ ಎಂದು ಕೇಳಿದರೆ ದೊಡ್ಡಪ್ಪ ಇಲ್ಲವೆನ್ನುತ್ತಿರಲಿಲ್ಲ. ಆ ಬ್ಯಾಂಕಿನವರು ಹೇಗೆ ನಡೆಯುತ್ತಿದ್ದರು, ಕನ್ನಡಕ ಎಲ್ಲಿಡುತ್ತಿದ್ದರು ಎಂದು ತಿರುಗಿ ಕೇಳುತ್ತಿದ್ದರು.

ಪಾತ್ರ ಎಷ್ಟೇ ಚಿಕ್ಕದಿರಲಿ, ಆ ಕೆಲಸ ಮಾಡುವವರನ್ನು ಕಣ್ಣಾರೆ ನೋಡದೆ ಸೆಟ್ಟಿಗೆ ಕಾಲಿಡುತ್ತಿರಲಿಲ್ಲ. ಅರವತ್ತನೆಯ ವಯಸ್ಸಿನಲ್ಲಿ ಗಡಿಯಾರ ರಿಪೇರಿಯವನ ಪಾತ್ರ ಬಂದಾಗ, ಮಾರ್ಕೆಟ್ಟಿನ ಮೆಟ್ಟಿಲ ಕೆಳಗಿದ್ದ ಗಡಿಯಾರದ ಅಂಗಡಿಗೆ ಹೋಗಿ ಸ್ಟೂಲಿನ ಮೇಲೆ ಕೂತರು. ಅಂಗಡಿಯವರಿಗೆ ಅನುಮಾನ: ಕಲಿತುಕೊಂಡು ಎದುರಿಗೇ ಅಂಗಡಿ ಇಟ್ಟುಬಿಟ್ಟರೆ? ಎರಡು ದಿನ ಮಾತೇ ಆಡಲಿಲ್ಲ. ಮೂರನೆಯ ದಿನ ಅವರಿಗೇ ತಡೆಯಲಾಗಲಿಲ್ಲ.

"ಸಿನಿಮಾದಲ್ಲಿ ಎಲ್ರೂ ಭೂತಗನ್ನಡಿ ಹಿಡ್ಕೊಂಡು ಗಡಿಯಾರದ ಮುಖ ನೋಡ್ತಾರೆ. ಅಲ್ಲೇನಿದೆ? ಹಿಂದಿನ ಮುಚ್ಚಳ ತೆಗೀಬೇಕು," ಎಂದು ಒಂದು ಚಿಮಟ ಕೈಗಿಟ್ಟರು.

ಆರು ದಿನ ಕಳೆಯುವಷ್ಟರಲ್ಲಿ ದೊಡ್ಡಪ್ಪ ಹಳೆಯ ಗೋಡೆ ಗಡಿಯಾರವೊಂದನ್ನು ಬಿಚ್ಚಿ, ಒರೆಸಿ, ಮತ್ತೆ ಜೋಡಿಸುವಷ್ಟಾಗಿದ್ದರು.

ಚಿತ್ರೀಕರಣದ ದಿನ ನಾನೂ ಜೊತೆಗಿದ್ದೆ. ದೃಶ್ಯ ಇಷ್ಟೇ: ತಂದೆಯನ್ನು ಹುಡುಕಿಕೊಂಡು ನಾಯಕ ಅಂಗಡಿಗೆ ಬರುತ್ತಾನೆ, ಅವರು ತೀರಿಕೊಂಡು ವರ್ಷವಾಯಿತೆಂದು ರಿಪೇರಿಯವನು ತಲೆ ಎತ್ತದೆ ಹೇಳುತ್ತಾನೆ. ಮೇಜಿನ ಮೇಲೆ ಕೆಟ್ಟು ನಿಂತ ಗಡಿಯಾರವೊಂದನ್ನು ಇಟ್ಟಿದ್ದರು. ಲೈಟುಗಳನ್ನು ಸರಿಮಾಡಲು ಎರಡು ಗಂಟೆ ಹಿಡಿಯಿತು. ಅಷ್ಟರಲ್ಲಿ ದೊಡ್ಡಪ್ಪ ಸುಮ್ಮನೆ ಕೂರಲಾರದೆ ಅದನ್ನು ಬಿಚ್ಚಿ ಮತ್ತೆ ಜೋಡಿಸಿದರು. ಕ್ಯಾಮೆರಾ ಓಡಿತು, ನಾಯಕನ ಕಣ್ಣು ತುಂಬಿತು, ಗಡಿಯಾರ ಢಣ್ ಢಣ್ ಎಂದು ಹನ್ನೊಂದು ಹೊಡೆಯಿತು. ನಾಯಕ ಬೆಚ್ಚಿಬಿದ್ದ.

ನಿರ್ದೇಶಕರು ದುಮುಗುಟ್ಟುತ್ತ ಬಂದರು. "ಇದನ್ನ ರಿಪೇರಿ ಮಾಡೋಕೆ ಯಾರು ಹೇಳಿದ್ರು?"

"ಯಾರೂ ಹೇಳ್ಲಿಲ್ಲ ಸಾರ್. ಒಳಗೆ ಬರೀ ಧೂಳಿತ್ತು," ಎಂದರು ದೊಡ್ಡಪ್ಪ.

ಇನ್ನು ಇವರ ಕಥೆ ಮುಗಿಯಿತು ಎಂದುಕೊಂಡೆ. ನಿರ್ದೇಶಕರು ಗಡಿಯಾರವನ್ನು ತಿರುಗಿಸಿ ನೋಡಿದರು, ದೊಡ್ಡಪ್ಪನ ಕೈ ನೋಡಿದರು. ಆಮೇಲೆ ಕ್ಯಾಮೆರಾವನ್ನು ಹತ್ತಿರ ತರಿಸಿ, ಇನ್ನೊಮ್ಮೆ ಬಿಚ್ಚಲು ಹೇಳಿದರು.

ಸಿನಿಮಾ ಬಂದಾಗ ಗಡಿಯಾರದವರನ್ನೂ ಕರೆದುಕೊಂಡು ಹೋದೆವು. ಪರದೆಯ ತುಂಬ ದೊಡ್ಡಪ್ಪನ ಕೈಗಳು. ಮುಖ ಒಮ್ಮೆಯೂ ಕಾಣಲಿಲ್ಲ. ದೊಡ್ಡಮ್ಮನಿಗೆ ಸಿಟ್ಟು ನೆತ್ತಿಗೇರಿತು. ಗಡಿಯಾರದವರು ಮಾತ್ರ ಮುಂದಕ್ಕೆ ಬಾಗಿ ನೋಡಿ, ಹೊರಗೆ ಬಂದ ಮೇಲೆ, "ಸ್ಕ್ರೂಗಳನ್ನ ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಟ್ರಿ, ನೋಡ್ದೆ," ಎಂದರು. ದೊಡ್ಡಪ್ಪ ನಾಚಿ ನೆಲ ನೋಡಿದರು. ಅಷ್ಟು ವರ್ಷಗಳಲ್ಲಿ ಇಂಥ ಮಾತನ್ನು ಅವರಿಗೆ ಯಾರೂ ಆಡಿರಲಿಲ್ಲ.

ಸ್ವಲ್ಪ ದೂರ ನಡೆದ ಮೇಲೆ ಮೆಲ್ಲಗೆ, ಪರಿಚಯದ ಹಲ್ಲಿನ ಡಾಕ್ಟರು ಯಾರಾದರೂ ಇದ್ದಾರೆಯೇ ಎಂದು ದೊಡ್ಡಪ್ಪ ಗಡಿಯಾರದವರನ್ನು ಕೇಳಿದರು.

"ಯಾಕೆ, ಹಲ್ಲುನೋವಾ?"

"ಇಲ್ಲ. ಅವರು ರೋಗಿ ಪಕ್ಕ ಹೇಗೆ ನಿಂತ್ಕೋತಾರೆ ಅಂತ ನೋಡ್ಬೇಕಿತ್ತು."